ಹುತ್ತದಲ್ಲಿ ಕೈ: ಬೆಂಗಳೂರಿನಿಂದ ಮುಂಬೈವರೆಗೆ ಆರು ದಿನ

ಮೊದಲ ದಿನ: ಬೆಂಗಳೂರು

ಎಂ.ಎ. ತರಗತಿಗೆ ಆಧುನಿಕ ಭಾರತೀಯ ನಾಟಕವನ್ನು ಹಲವು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಈ ನಾಟಕಗಳಲ್ಲೆಲ್ಲ ವಿಚಾರಣೆಗೆ ನಿಲ್ಲುವವಳು ಹೆಂಗಸೇ ಯಾಕೆ?" ಎಂದು ಕೇಳಿದಳು. ಪಿತೃಪ್ರಧಾನ ವ್ಯವಸ್ಥೆ ಎಂಬ ಸಿದ್ಧ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನೇ ಹೇಳಿಬಿಟ್ಟೆ. ಅವಳು ಬರೆದುಕೊಂಡಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಳು. ಆದರೆ ಪ್ರಶ್ನೆ ಹಾಗೆಯೇ ಉಳಿದುಕೊಂಡಿತ್ತು. ಈ ಸಲ ಭಾದ್ರಪದದಲ್ಲಿ ಸಿಕ್ಕ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು, ಈ ನಾಟಕಗಳು ಬರೆಯಲ್ಪಟ್ಟ, ಆಡಲ್ಪಟ್ಟ ಊರುಗಳ ಹಾದಿ ಹಿಡಿದು ಹೊರಟೆ.

ಜೆ.ಪಿ. ನಗರದ ರಂಗಶಂಕರದಲ್ಲಿ ಸಂಜೆ ಏಳೂವರೆಗೆ 'ನಾಗಮಂಡಲ'ದ ಪ್ರದರ್ಶನವಿತ್ತು. 2004ರಲ್ಲಿ ಅರುಂಧತಿ ನಾಗ್ ಅವರು ಕಟ್ಟಿ ನಿಲ್ಲಿಸಿದ ಈ ರಂಗಮಂದಿರದಲ್ಲಿ ಹೇಳಿದ ಸಮಯಕ್ಕೆ ಬಾಗಿಲು ಮುಚ್ಚುತ್ತದೆ, ಆಮೇಲೆ ಬಂದವರು ಯಾರೇ ಆಗಿರಲಿ ಹೊರಗೇ ಉಳಿಯಬೇಕು. ರಾಣಿಯ ಪಾತ್ರ ಮಾಡುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿಯಾದ್ದರಿಂದ ಒಂದು ಗಂಟೆ ಮೊದಲೇ ಹೋಗಿ ಗ್ರೀನ್ ರೂಮಿನಲ್ಲಿ ಕುಳಿತೆ. ಅವಳ ಮೋಟು ಕೂದಲಿಗೆ ಪ್ರಸಾಧನದವರು ಮೊಣಕಾಲು ಮುಟ್ಟುವಷ್ಟು ಉದ್ದದ ಚವರಿಯನ್ನು ಕಟ್ಟುತ್ತಿದ್ದರು. ಒಂದೊಂದು ಹೇರ್‌ಪಿನ್ ಒತ್ತಿದಾಗಲೂ ಅವಳು ಕಣ್ಣು ಮುಚ್ಚುತ್ತಿದ್ದಳು. "ಎರಡನೆಯ ಅಂಕದ ಹೊತ್ತಿಗೆ ಕುತ್ತಿಗೆ ಬಿದ್ದುಹೋಗುತ್ತೆ ಮೇಡಂ, ಆದರೆ ಇದಿಲ್ಲದಿದ್ದರೆ ನಾಗ ಎಲ್ಲಿರಬೇಕು?" ಎಂದು ನಕ್ಕಳು.

ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಹೆಣೆದು ಗಿರೀಶ ಕಾರ್ನಾಡರು ಈ ನಾಟಕವನ್ನು 1988ರಲ್ಲಿ ಪ್ರಕಟಿಸಿದರು. ಅಪ್ಪಣ್ಣ ಹೊಸ ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅವನದೇ ರೂಪ ತಾಳಿ ನಾಗ ಬರುತ್ತಾನೆ. ರಾಣಿ ಬಸುರಾದಾಗ ಪಂಚಾಯತಿ ಸೇರುತ್ತದೆ. ಅವಳು ಹುತ್ತದಲ್ಲಿ ಕೈಯಿಟ್ಟು, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಹಾವು ಕಚ್ಚುವುದಿಲ್ಲ, ಹೆಡೆಯೆತ್ತಿ ಕೊಡೆ ಹಿಡಿಯುತ್ತದೆ. ಪಂಚರು ಅವಳ ಕಾಲಿಗೆ ಬೀಳುತ್ತಾರೆ.

ಪಾಠ ಮಾಡುವಾಗ ಈ ದೃಶ್ಯವನ್ನು ನಾನು ಯಾವಾಗಲೂ ರಾಣಿಯ ಗೆಲುವೆಂದೇ ವಿವರಿಸಿದ್ದೇನೆ. ಇವತ್ತು ಮೂರನೆಯ ಸಾಲಿನಲ್ಲಿ ಕುಳಿತು ನೋಡುವಾಗ ಮಾತ್ರ ಕಣ್ಣು ಅಪ್ಪಣ್ಣನ ಮೇಲೆಯೇ ನೆಟ್ಟಿತು. ಅವನು ಪಂಚರ ಪಕ್ಕದಲ್ಲಿ ಫಿರ್ಯಾದಿಯಾಗಿ ನಿಂತಿದ್ದ. ನೀನೂ ಒಮ್ಮೆ ಕೈಯಿಡು ಎಂದು ಅವನಿಗೆ ಹೇಳುವವರು ಆ ಊರಿನಲ್ಲಿ ಒಬ್ಬರೂ ಇಲ್ಲ. ರಾತ್ರಿಗಳನ್ನು ಎಲ್ಲಿ ಕಳೆದನೆಂಬುದು ಊರಿಗೆಲ್ಲ ಗೊತ್ತಿದ್ದರೂ ಅದು ಪಂಚಾಯತಿಯ ವಿಷಯವಾಗುವುದಿಲ್ಲ. ಇನ್ನು ಆ ಇನ್ನೊಬ್ಬ ಹೆಂಗಸು, ರಂಗದ ಮೇಲೆ ಒಂದು ಮಾತನ್ನೂ ಆಡದವಳು, ಕೊನೆಗೆ ರಾಣಿಯ ಮನೆಯ ಊಳಿಗದವಳಾದಳೆಂದು ಕಥೆ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುತ್ತದೆ. ತಪ್ಪಿತಸ್ಥೆ ಅಲ್ಲವೆಂದು ಸಾಬೀತಾದವಳು ದೇವತೆಯಾಗುತ್ತಾಳೆ. ಸುಮ್ಮನೆ ಹೆಂಗಸಾಗಿ ಉಳಿಯುವ ದಾರಿಯನ್ನು ಪಂಚರು ಅವಳಿಗೆ ಬಿಟ್ಟುಕೊಡುವುದಿಲ್ಲ. ಇದನ್ನೆಲ್ಲ ಕಾರ್ನಾಡರು ಅರಿಯದೆ ಬರೆದರೆಂದು ನಾನು ನಂಬುವುದಿಲ್ಲ. ನಾಟಕಕ್ಕೆ ಒಂದರ ಮೇಲೊಂದು ಮುಕ್ತಾಯಗಳನ್ನು ಅವರು ಕೊಟ್ಟದ್ದೇ, ಮೊದಲನೆಯ ಸುಖಾಂತ ಅವರ ಗಂಟಲಲ್ಲಿಯೂ ಇಳಿಯಲಿಲ್ಲ ಎಂಬುದಕ್ಕೆ ಗುರುತಾಗಿರಬಹುದು.

ರಾತ್ರಿ ತಾಳಗುಪ್ಪದ ರೈಲು ಹತ್ತಿದೆ.

ಎರಡನೆಯ ದಿನ: ಹೆಗ್ಗೋಡು

ಬೆಳಗಿನ ಮಳೆಯಲ್ಲಿ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಹೆಗ್ಗೋಡಿಗೆ ಬಂದೆ. ಅಡಿಕೆ ತೋಟಗಳ ನಡುವಿನ ಈ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವೆಂಬ ಸಂಚಾರಿ ನಾಟಕ ತಂಡವನ್ನೂ ಆರಂಭಿಸಿತು. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಈ ವರ್ಷಗಳೆಲ್ಲ ನನ್ನ ಟಿಪ್ಪಣಿ ಪುಸ್ತಕದಲ್ಲಿ ಮೊದಲೇ ಇದ್ದವು. ಆ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನು ಇವತ್ತು ಕಂಡೆ.

ಶಿವರಾಮ ಕಾರಂತ ರಂಗಮಂದಿರದ ಹತ್ತಿರ, ಮಳೆ ತುಸು ಹೊಳವಾದಾಗ, ಎಂಟು ಹತ್ತು ಯುವಕ ಯುವತಿಯರು ವ್ಯಾಯಾಮ ಮಾಡುತ್ತಿದ್ದರು. ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟು, ಕೈಗಳನ್ನು ಸಡಿಲ ಬಿಟ್ಟು, ಏನೂ ಮಾಡದೆ ಸುಮ್ಮನೆ ನಿಲ್ಲುವ ವ್ಯಾಯಾಮ ಅದು. ಹುಡುಗರು ನಿಂತೇ ಇದ್ದರು. ಹುಡುಗಿಯರಲ್ಲಿ ಇಬ್ಬರ ಪಾದಗಳು ಮಾತ್ರ, ಒಂದು ನಿಮಿಷ ಕಳೆಯುವುದರೊಳಗೆ, ಅವರಿಗೇ ಅರಿವಿಲ್ಲದಂತೆ ಒಂದರ ಕಡೆಗೊಂದು ಸರಿದು ಜೋಡಿಯಾಗಿಬಿಟ್ಟವು. ಯಾರೋ ಹೇಳಿದಾಗ ಮತ್ತೆ ಅಗಲಿಸಿದರು. ಇನ್ನೊಂದು ನಿಮಿಷಕ್ಕೆ ಮತ್ತೆ ಜೋಡಿ. ಅನಂತರ ಚಹಾ ಕುಡಿಯುತ್ತ ಅವರಲ್ಲೊಬ್ಬಳನ್ನು ಮಾತಾಡಿಸಿದಾಗ, ಅವಳೇ ಇದನ್ನು ತಮಾಷೆಯಾಗಿ ಹೇಳಿಕೊಂಡಳು: "ಅಳೋದನ್ನ ನಮಗೆ ಯಾರೂ ಕಲಿಸಬೇಕಾಗಿಲ್ಲ ಮೇಡಂ, ಸೀರೆ ಸೆರಗು ಕಣ್ಣಿಗೆ ಒತ್ತಿಕೊಳ್ಳೋದಂತೂ ಹುಟ್ಟಿನಿಂದ ಬಂದಿದೆ. ಜಾಗ ತಗೊಂಡು ನಿಲ್ಲೋದೇ ಬರೋದಿಲ್ಲ."

ಅವಳ ತಂದೆ ತಾಯಿ ಅವಳ ನಾಟಕ ನೋಡಲು ಬರುತ್ತಾರಂತೆ, ಬಂದಾಗ ಚಪ್ಪಾಳೆಯನ್ನೂ ತಟ್ಟುತ್ತಾರಂತೆ. ಊರಿನಲ್ಲಿ ಕೇಳಿದವರಿಗೆ ಮಾತ್ರ ಮಗಳು ಶಿಕ್ಷಕರ ತರಬೇತಿಯಲ್ಲಿದ್ದಾಳೆಂದು ಹೇಳುತ್ತಾರಂತೆ. "ಸುಳ್ಳೇನಲ್ಲ ಬಿಡಿ" ಎಂದಳು.

ನಾವು ವಿಮರ್ಶೆ ಬರೆಯುವವರು ಪಿತೃಪ್ರಾಧಾನ್ಯವನ್ನು ಸಂಭಾಷಣೆಯಲ್ಲಿ, ಕಥಾವಸ್ತುವಿನಲ್ಲಿ, ಮುಕ್ತಾಯದಲ್ಲಿ ಹುಡುಕುತ್ತೇವೆ. ಅದು ನಟಿಯ ಹಿಮ್ಮಡಿಯಲ್ಲಿ ಕುಳಿತಿರುತ್ತದೆಂದು ನಾನೆಲ್ಲೂ ಓದಿರಲಿಲ್ಲ. ರಾತ್ರಿ ಅತಿಥಿ ಕೋಣೆಯ ಕನ್ನಡಿಯೆದುರು ನಾನೂ ಹಾಗೆ ನಿಂತು ನೋಡಿದೆ. ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ.

ಮೂರನೆಯ ದಿನ: ಶಿರಸಿ

ಸಾಗರದಿಂದ ಸಿದ್ದಾಪುರದ ಮೇಲೆ ಶಿರಸಿಗೆ ಬಸ್ಸು. ಉತ್ತರ ಕನ್ನಡದ ಈ ಸೀಮೆಗೆ ನಮ್ಮ ವಿಷಯದಲ್ಲಿ ಹಿರಿಯ ಪಾಲಿದೆ. ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ವನ್ನು ಪ್ರಕಟಿಸಿದ್ದು 1887ರಲ್ಲಿ. ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದನ್ನು ಎಣಿಸುತ್ತಾರೆ. ಹವ್ಯಕ ಸಮಾಜದಲ್ಲಿ ಆಗ ನಡೆಯುತ್ತಿದ್ದ ಕನ್ಯಾವಿಕ್ರಯವೇ ಅದರ ವಸ್ತು, ಅಂದರೆ ಹಣ ತೆಗೆದುಕೊಂಡು ಎಳೆಯ ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಡುವುದು. ಕನ್ನಡದ ಸಾಮಾಜಿಕ ನಾಟಕ ಕಣ್ಣು ತೆರೆದ ಕೂಡಲೇ ಕಂಡದ್ದು ಮಾರಾಟಕ್ಕಿಟ್ಟ ಹುಡುಗಿಯನ್ನು. ಹನ್ನೆರಡು ವರ್ಷಗಳ ಅನಂತರ, 1899ರಲ್ಲಿ, ಮರಾಠಿಯ ದೇವಲರು 'ಸಂಗೀತ ಶಾರದಾ' ಬರೆದಾಗ ಅಲ್ಲಿಯೂ ಮುದುಕ ವರನಿಗೆ ಕೊಡಲು ಹೊರಟ ಹುಡುಗಿಯೇ ವಸ್ತುವಾದಳು.

ಕಾರ್ನಾಡರ ಬಾಲ್ಯದ ಒಂದಷ್ಟು ವರ್ಷಗಳು ಕಳೆದದ್ದು ಶಿರಸಿಯಲ್ಲಿ. ತಂದೆ ವೈದ್ಯರು. ಕಂಪನಿ ನಾಟಕ, ಯಕ್ಷಗಾನಗಳನ್ನು ನೋಡುತ್ತ ಅವರು ಇಲ್ಲಿಯೇ ಬೆಳೆದರು. ಅವರ ತಾಯಿ ಕೃಷ್ಣಾಬಾಯಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು, ಕೈಯಲ್ಲೊಂದು ಗಂಡುಮಗುವಿದ್ದಾಗ ದಾದಿಯ ತರಬೇತಿ ಪಡೆದು ದುಡಿದವರು, ವರ್ಷಗಟ್ಟಲೆ ಕಾದು ಮರುಮದುವೆಯಾದವರು. ಮಗ ತನ್ನ ಆತ್ಮಕಥೆಯಲ್ಲಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಮಾರಿಕಾಂಬೆಯ ಗುಡಿಯ ಎದುರಿನ ಬೀದಿಯಲ್ಲಿ ಮಳೆಗೆ ನಿಂತಿದ್ದಾಗ, ರಾಣಿಯ ಬೀಗ ಹಾಕಿದ ಮನೆಗಿಂತ ಈ ಹೆಂಗಸಿನ ಬದುಕೇ ದೊಡ್ಡ ನಾಟಕವಲ್ಲವೇ, ಅದನ್ನು ಯಾಕೆ ಅವರು ರಂಗಕ್ಕೆ ತರಲಿಲ್ಲ ಎಂದು ಯೋಚಿಸುತ್ತಿದ್ದೆ. ಪುರಾಣ, ಜನಪದ, ಇತಿಹಾಸಗಳ ಹೆಣ್ಣುಗಳಿಗೆ ಸಿಕ್ಕ ರಂಗ, ದುಡಿದು ತಿಂದು ಎರಡನೆಯ ಸಲ ಮದುವೆಯಾಗಿ ನೆಮ್ಮದಿಯಿಂದ ಮುದುಕಿಯಾದ ದಾದಿಗೆ ಸಿಗಲಿಲ್ಲ. ನೆಮ್ಮದಿಯಿಂದ ಮುದುಕಿಯಾಗುವ ನಾಯಕಿ ನಮ್ಮ ಆಧುನಿಕ ನಾಟಕದಲ್ಲಿ ಎಷ್ಟು ಜನ? ಬಸ್ಸು ಬರುವವರೆಗೂ ಎಣಿಸಿದೆ. ಒಂದು ಕೈಯ ಬೆರಳುಗಳೇ ಹೆಚ್ಚಾದವು.

ನಾಲ್ಕನೆಯ ದಿನ: ಧಾರವಾಡ

ಧಾರವಾಡದಲ್ಲಿ ನನ್ನ ಗೆಳತಿ ಇದ್ದಾಳೆ. ಕಾಲೇಜಿನಲ್ಲಿ ನಾವು ಕಾರ್ನಾಡರ 'ಹಯವದನ' ಆಡಿದಾಗ ಅವಳು ಪದ್ಮಿನಿ, ನಾನು ಕಾಳಿ. ಆಕಳಿಸುವ ಕಾಳಿ, ನಿದ್ದೆಗಣ್ಣಿನ ಕಾಳಿ, ಪ್ರೇಕ್ಷಕರು ನಕ್ಕ ಕಾಳಿ. ನನ್ನ ಪಾತ್ರಕ್ಕೆ ಸಿಕ್ಕ ಚಪ್ಪಾಳೆಯ ಬಗ್ಗೆ ಇಂದಿಗೂ ಹೇಳಿಕೊಳ್ಳುತ್ತೇನೆ. ಅವಳು ಆಡಿದ್ದು ಅದೇ ಕೊನೆ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು, ಹುಡುಗಿ ಹಾಡಿದರೆ ಅಡ್ಡಿಯಿಲ್ಲ, ಬಣ್ಣ ಹಚ್ಚುವುದು ಬೇಡ ಎಂದಿದ್ದರಂತೆ. ಅಷ್ಟಕ್ಕೇ ಮುಗಿಯಿತು. ಯಾರೂ ಗದರಲಿಲ್ಲ, ಯಾರೂ ಅಳಲಿಲ್ಲ.

ಬೆಳಿಗ್ಗೆ ಅವಳ ಮನೆಯ ಬಾಗಿಲಿಗೆ ಜೋಕುಮಾರ ಬಂದ. ಭಾದ್ರಪದದ ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಈ ದೇವರನ್ನು ಬುಟ್ಟಿಯಲ್ಲಿ ಹೊತ್ತು ಹೆಂಗಸರು ಮನೆ ಮನೆ ತಿರುಗುತ್ತಾರೆ. ಬೇವಿನ ಸೊಪ್ಪಿನ ನಡುವೆ ಮಣ್ಣಿನ ಮೂರ್ತಿ, ತುಟಿಗೆ ಬೆಣ್ಣೆ. ಮೂವರು ಹೆಂಗಸರು ಬುಟ್ಟಿ ಇಳಿಸಿ, ಗಂಡಸರ ಎದುರಿಗೆ ಸಾಮಾನ್ಯವಾಗಿ ಆಡದ ಮಾತುಗಳನ್ನು ಹಾಡಿನಲ್ಲಿ ಸಲೀಸಾಗಿ ಆಡಿ, ಮೊರದಲ್ಲಿ ಕೊಟ್ಟ ಜೋಳ ಸುರಿದುಕೊಂಡು ಹೋದರು. ಚಂದ್ರಶೇಖರ ಕಂಬಾರರು 1972ರ 'ಜೋಕುಮಾರಸ್ವಾಮಿ'ಯಲ್ಲಿ ಹಿಡಿದದ್ದು ಈ ದನಿಯನ್ನೇ. ಊರ ಹೊಲವನ್ನೆಲ್ಲ ತನ್ನದೆನ್ನುವ ಗೌಡನಿಗೆ ಸ್ವಂತ ಹೆಂಡತಿಗೆ ಮಗು ಕೊಡುವ ಶಕ್ತಿಯಿಲ್ಲ. ಜೋಕುಮಾರನೆಂದು ಪೂಜಿಸಿದ ಪಡವಲಕಾಯಿಯ ಪಲ್ಯವನ್ನು ಅವನಿಗೆಂದು ಗೌಡತಿ ಒಯ್ದರೆ, ಅದನ್ನು ಉಣ್ಣುವವನು ಬಸಣ್ಣ. ನೆಲದ ಒಡೆತನ ಮತ್ತು ಹೆಣ್ಣಿನ ಒಡೆತನ ಒಂದೇ ಕಾಗದದಲ್ಲಿ ಬರೆದಿರುತ್ತವೆ ಎಂಬುದನ್ನು ಇಷ್ಟು ಲವಲವಿಕೆಯಿಂದ ಹೇಳಿದ ನಾಟಕ ಇನ್ನೊಂದಿಲ್ಲ. ಆದರೂ ಒಂದು ಮುಳ್ಳು ಉಳಿಯುತ್ತದೆ: ಗೌಡತಿಗೆ ಮಗುವಿನ ಹೊರತು ಬೇರೆ ಬಯಕೆಯೊಂದು ಇದ್ದೀತೆಂದು ನಾಟಕ ಹೆಚ್ಚು ಹೊತ್ತು ಕೇಳಿಕೊಳ್ಳುವುದಿಲ್ಲ.

ಮಧ್ಯಾಹ್ನ ಸುಭಾಷ ರಸ್ತೆಗೆ ಹೋಗಿ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಹತ್ತಿದೆವು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಈ ಪ್ರಕಾಶನವೇ 1961ರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನ 'ಯಯಾತಿ'ಯನ್ನು ಅಚ್ಚು ಹಾಕಿತು. ವಿದೇಶಕ್ಕೆ ಹೊರಟ ಮಗ, ಅವನ ಮೇಲೆ ತಂದೆ ತಾಯಿಯರ ನಿರೀಕ್ಷೆಯ ಭಾರ; ಆ ಬೇಗೆಯಲ್ಲಿ ಹುಟ್ಟಿದ ನಾಟಕವೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ತಂದೆಯ ಮುಪ್ಪನ್ನು ಪುರು ಹೊರುತ್ತಾನೆ. ಆದರೆ ಮಹಾಭಾರತದಲ್ಲಿ ಇಲ್ಲದ ಒಬ್ಬಳನ್ನು ಕಾರ್ನಾಡರು ಇಲ್ಲಿ ತಂದು ನಿಲ್ಲಿಸಿದರು, ಪುರುವಿನ ಹೊಸ ಹೆಂಡತಿ ಚಿತ್ರಲೇಖೆ. ಗಂಡ ಒಂದು ರಾತ್ರಿಯಲ್ಲಿ ಮುದುಕನಾದದ್ದನ್ನು ಕಂಡ ಅವಳು ಮಾವನೆದುರು ನಿಂತು, ಮಗನ ಯೌವನವನ್ನು ತೆಗೆದುಕೊಂಡಿದ್ದೀರಿ, ಹಾಗಿದ್ದರೆ ಆ ಯೌವನದ ಜೊತೆ ಬಂದ ನನ್ನನ್ನೂ ಸ್ವೀಕರಿಸಿ ಎಂಬರ್ಥದ ವಾದವನ್ನು ಮಂಡಿಸುತ್ತಾಳೆ. ನಾನು ಬಲ್ಲ ನಾಟಕಗಳಲ್ಲಿ, ಹೆಂಗಸೊಬ್ಬಳು ಕಟಕಟೆಯಿಂದ ಇಳಿದು ಬಂದು ತಾನೇ ಪಾಟೀಸವಾಲು ಹಾಕುವ ಅಪರೂಪದ ದೃಶ್ಯಗಳಲ್ಲಿ ಇದೊಂದು. ಯಯಾತಿಗೆ ಉತ್ತರವಿಲ್ಲ, ಧರ್ಮದ ಮಾತೆತ್ತುತ್ತಾನೆ. ಅವಳು ವಿಷ ಕುಡಿಯುತ್ತಾಳೆ. ಅವಳು ಸತ್ತ ಮೇಲೆ ಯಯಾತಿಗೆ ಅರಿವು ಮೂಡುತ್ತದೆ, ಪುರುವಿಗೆ ಯೌವನ ಮರಳುತ್ತದೆ. ತಂದೆ ಮಗನ ಲೆಕ್ಕ ಚುಕ್ತಾ ಆಯಿತು, ಬಡ್ಡಿಯನ್ನು ಸೊಸೆ ತೆತ್ತಳು.

ಇದನ್ನು ಗೆಳತಿಗೆ ಹೇಳಿದಾಗ ಅವಳು ಅಟ್ಟದ ಮೆಟ್ಟಿಲು ಇಳಿಯುತ್ತ, ನನ್ನತ್ತ ನೋಡದೆಯೇ ಹೇಳಿದಳು: "ನೀ ಚಿತ್ರಲೇಖಾನ ಹಿಡಕೊಂಡು ಕುಂತಿ. ಪದ್ಮಿನೀದು ಏನಾತು ಹೇಳು. ತಲಿ ಅದಲು ಬದಲು ಆದ ಮ್ಯಾಲೆ ಹೆಂಡ್ತಿ ಯಾರಿಗೆ ಅಂತ ಯಾರ ಕೇಳಿದರು? ಋಷೀನ್ನ ಕೇಳಿದರು. ಆಕೀನ್ನ ಕೇಳಲಿಲ್ಲ."

'ಹಯವದನ' ಎಷ್ಟೋ ಸಲ ಪಾಠ ಮಾಡಿದ ನಾಟಕ. ಪದ್ಮಿನಿಯ ಗಂಡ ದೇವದತ್ತ, ಅವನ ಗೆಳೆಯ ಕಪಿಲ, ಇಬ್ಬರ ತಲೆಗಳೂ ಅದರಲ್ಲಿ ಅದಲುಬದಲಾಗುತ್ತವೆ. ಶಿರವೇ ಪ್ರಧಾನ, ಆದ್ದರಿಂದ ದೇವದತ್ತನ ತಲೆಯಿರುವವನೇ ಗಂಡ ಎಂದು ಋಷಿ ಕೊಟ್ಟ ತೀರ್ಪನ್ನು ದೇಹ ಮತ್ತು ಮನಸ್ಸಿನ ತಾತ್ತ್ವಿಕ ಪ್ರಶ್ನೆಯೆಂದು ಕಪ್ಪುಹಲಗೆಯ ಮೇಲೆ ಎರಡು ಕಾಲಂ ಹಾಕಿ ವಿವರಿಸಿದ್ದೇನೆ. ಆ ಸಲದ ತೀರ್ಪು ಪದ್ಮಿನಿಯ ಬಯಕೆಯೊಂದಿಗೆ ಹೊಂದಿಕೊಂಡಿದ್ದರಿಂದ, ಅವಳನ್ನು ಯಾರೂ ಕೇಳಲಿಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಕೊನೆಯಲ್ಲಿ ಗೆಳೆಯರಿಬ್ಬರೂ ಪರಸ್ಪರ ಒಪ್ಪಿ, ಕಾದಾಡಿ, ಒಟ್ಟಿಗೆ ಸಾಯುತ್ತಾರೆ. ಅವಳ ಪಾಲಿಗೆ ಚಿತೆ.

"ಚಿತಿ ಏರೂದು ಭಾಳ ಸರಳ ಆತು ನನಗ," ಎಂದಳು ಗೆಳತಿ, ಕೆಳಗಿನ ಅಂಗಡಿಯಲ್ಲಿ ಪೇಢೆ ಕಟ್ಟಿಸುತ್ತ. "ಕೆಂಪು ಲೈಟು, ಹಾಡು, ಎಲ್ಲಾರೂ ಅಳತಿದ್ರು. ಇಬ್ಬರೂ ಬೇಕು ಅನ್ನೂ ಮಾತಿಗೆ ಮಾತ್ರ ದನಿ ಏಳಲಿಲ್ಲ. ನಮ್ಮ ಡೈರೆಕ್ಟರು, ಇರಲಿ ಬಿಡು, ಮನಸಿನಾಗ ಅಂದಂಗ ಮಾಡು ಅಂದ್ರು. ನೆನಪೈತೇನು?"

ನನಗೆ ನೆನಪಿರಲಿಲ್ಲ. ನಾನು ಆಗ ಸೈಡ್‌ವಿಂಗಿನಲ್ಲಿ ಕಾಳಿಯ ಬಣ್ಣ ತೊಳೆದುಕೊಳ್ಳುತ್ತಿದ್ದೆ.

ಐದನೆಯ ದಿನ: ರೈಲಿನಲ್ಲಿ, ಪುಣೆಗೆ

ಬೆಳಗಾವಿ, ಮೀರಜ್ ದಾಟುತ್ತ ಹಗಲೆಲ್ಲ ರೈಲು. ಚೀಲದಲ್ಲಿದ್ದ ಎರಡು ನಾಟಕಗಳನ್ನು ಮತ್ತೆ ಓದಿದೆ. ಮೋಹನ ರಾಕೇಶರ 'ಆಧೇ ಅಧೂರೇ' (1969) ದುಡಿದು ಮನೆ ನಡೆಸುವ ಸಾವಿತ್ರಿಯ ಕಥೆ. ಅವಳ ಬದುಕಿನಲ್ಲಿ ಬರುವ ನಾಲ್ವರು ಗಂಡಸರ ಪಾತ್ರಗಳನ್ನೂ ಒಬ್ಬನೇ ನಟ ಮಾಡಬೇಕೆಂಬುದು ನಾಟಕಕಾರನ ಸೂಚನೆ. ಗಂಡಸರೆಲ್ಲ ಒಂದೇ ಎಂಬ ಟೀಕೆಯೆಂದು ಇದನ್ನು ಮೆಚ್ಚಿಕೊಳ್ಳುವುದುಂಟು. ಆದರೆ ಕೊನೆಯಲ್ಲಿ ಜುನೇಜಾ ಎಂಬ ಗಂಡನ ಸ್ನೇಹಿತ ಬಂದು ಕುಳಿತು, ನೀನು ಯಾರನ್ನು ಮದುವೆಯಾಗಿದ್ದರೂ ನಿನಗೆ ತೃಪ್ತಿ ಸಿಗುತ್ತಿರಲಿಲ್ಲ ಎಂಬ ಸುದೀರ್ಘ ತೀರ್ಪನ್ನು ಅವಳಿಗೆ ಓದಿ ಹೇಳುತ್ತಾನೆ. ಟೀಕೆ ತಿರುಗಿ ಅವಳ ಮೇಲೆಯೇ ಬೀಳುತ್ತದೆ. ಮಹೇಶ ದತ್ತಾನಿಯವರ 'ತಾರಾ' (1990) ಇದಕ್ಕಿಂತ ನಿರ್ದಯವಾದದ್ದು: ದೇಹ ಕೂಡಿಕೊಂಡು ಹುಟ್ಟಿದ ಅವಳಿ ಮಕ್ಕಳನ್ನು ಬೇರ್ಪಡಿಸುವಾಗ, ಹುಡುಗಿಯಲ್ಲಿ ಉಳಿಯಬಹುದಾಗಿದ್ದ ಕಾಲನ್ನು ಹುಡುಗನಿಗೆ ಕೊಡುತ್ತಾರೆ. ಆ ನಿರ್ಧಾರದಲ್ಲಿ ಅಜ್ಜನ ಜೊತೆ ತಾಯಿಯೂ ಸೇರಿದ್ದಳು. ಹುಡುಗನ ಮೈಯಲ್ಲಿ ಆ ಕಾಲು ಎರಡು ದಿನವೂ ಸರಿಯಾಗಿ ಬಾಳುವುದಿಲ್ಲ. ಪಂಚರ ಪೀಠದಲ್ಲಿ ಹೆಂಗಸನ್ನು ಕೂರಿಸಿದರೆ ತೀರ್ಪು ಬದಲಾಗುತ್ತದೆಂದು ನಂಬುವವರು ಈ ನಾಟಕ ಓದಬೇಕು.

ಪುಣೆಯಲ್ಲಿ ಗಣಪತಿಯ ಗದ್ದಲ. ಸಂಜೆ ಬಾಲಗಂಧರ್ವ ರಂಗಮಂದಿರದವರೆಗೆ ನಡೆದುಹೋದೆ. ನಾರಾಯಣ ಶ್ರೀಪಾದ ರಾಜಹಂಸ ಎಂಬ ಗಂಡಸು, ಬಾಲಗಂಧರ್ವರೆಂದು ಖ್ಯಾತರಾಗಿ, ಭಾಮಿನಿ, ಸಿಂಧುವಿನಂಥ ಪಾತ್ರಗಳಿಂದ ಮರಾಠಿ ಸೀಮೆಯ ಆದರ್ಶ ಸ್ತ್ರೀಯನ್ನು ರೂಪಿಸಿದರು. ಅವರು ಸೀರೆ ಉಟ್ಟಂತೆ ಮನೆಮನೆಯ ಹೆಂಗಸರು ಸೀರೆ ಉಟ್ಟರು. ಹೆಣ್ಣು ಹೇಗಿರಬೇಕೆಂದು ಗಂಡು ನಟಿಸಿ ತೋರಿಸಿದ್ದನ್ನು ಹೆಣ್ಣು ನೋಡಿ ಕಲಿತಳು. ಅವರ ಕಂಪನಿಯಲ್ಲಿ ಮುಂದೆ ಸ್ತ್ರೀಪಾತ್ರಕ್ಕೆ ಬಂದವರು ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಬಾಲಗಂಧರ್ವರ ಹಾಡನ್ನು ಪೂಜಿಸಿದ ಜನ ಗೋಹರರನ್ನು ಕ್ಷಮಿಸಲೇ ಇಲ್ಲ. ಗುರುವಿನ ಪತನಕ್ಕೆ ಈ ಮುಸ್ಲಿಂ ಹೆಂಗಸೇ ಕಾರಣ ಎಂಬ ಮಾತು ಮರಾಠಿ ರಸಿಕರ ನಡುವೆ ಬಹುಕಾಲ ಓಡಾಡಿತು. ಇದೂ ಒಂದು ವಿಚಾರಣೆ, ಆರೋಪಿಯ ಗೈರುಹಾಜರಿಯಲ್ಲಿ ನಡೆದದ್ದು.

ಇದಕ್ಕೆ ಎದುರಾಗಿ ನನಗೆ ಯಾವಾಗಲೂ ನೆನಪಾಗುವವರು ಆರ್. ನಾಗರತ್ನಮ್ಮನವರು. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಹೆಂಗಸರನ್ನೇ ಸೇರಿಸಿಕೊಂಡು, ತಾವೇ ಕಂಸನಾಗಿ, ರಾವಣನಾಗಿ ಗದೆ ಹಿಡಿದು ರಂಗವನ್ನು ನಡುಗಿಸಿದವರು. ಅವರ ಪಾದಗಳು ರಂಗದ ಮೇಲೆ ಎಷ್ಟು ಅಗಲಕ್ಕೆ ನಿಂತಿದ್ದಿರಬಹುದು ಎಂದು ಪುಣೆಯ ಜನಜಂಗುಳಿಯ ನಡುವೆ ನಗುತ್ತ ನಡೆದೆ.

ಆರನೆಯ ದಿನ: ಮುಂಬೈ

ದಾದರ್ ನಿಲ್ದಾಣದಿಂದ ಛಬಿಲದಾಸ್ ಶಾಲೆಗೆ ಕೆಲವೇ ನಿಮಿಷಗಳ ನಡಿಗೆ. ಎಪ್ಪತ್ತರ ದಶಕದಲ್ಲಿ ಈ ಶಾಲೆಯ ಸಭಾಂಗಣ ಮರಾಠಿ ಪ್ರಾಯೋಗಿಕ ರಂಗಭೂಮಿಯ ಮನೆಯಾಗಿತ್ತು. ಹೂವಿನ ಮಾರುಕಟ್ಟೆಗೆ ಹೋಗುವವರ ನೂಕುನುಗ್ಗಲಿನಲ್ಲಿ ಎದುರು ಫುಟ್‌ಪಾತಿನ ಮೇಲೆ ನಿಂತು ಆ ಕಟ್ಟಡವನ್ನು ನೋಡುತ್ತ, ವಿಜಯ ತೆಂಡೂಲ್ಕರರನ್ನು ನೆನೆದೆ.

ಅವರ 'ಶಾಂತತಾ! ಕೋರ್ಟ್ ಚಾಲೂ ಆಹೆ' 1967ರಲ್ಲಿ ರಂಗಕ್ಕೆ ಬಂದಾಗ ಸುಲಭಾ ದೇಶಪಾಂಡೆ ಅದರ ಲೀಲಾ ಬೇಣಾರೆ. ಹಳ್ಳಿಗೆ ನಾಟಕ ಆಡಲು ಬಂದ ಮುಂಬೈಯ ತಂಡವೊಂದು ಹೊತ್ತು ಕಳೆಯಲು ಹುಸಿ ನ್ಯಾಯಾಲಯದ ಆಟ ಹೂಡುತ್ತದೆ. ಆಟದ ಆರೋಪಿಯಾಗಿ ಶಾಲಾಶಿಕ್ಷಕಿ ಬೇಣಾರೆಯನ್ನು ನಿಲ್ಲಿಸುತ್ತದೆ. ನಾಟಕದ ಆರಂಭದಲ್ಲೇ ಬಾಗಿಲ ಚಿಲಕಕ್ಕೆ ಸಿಕ್ಕಿ ಅವಳ ಬೆರಳು ಜಜ್ಜುತ್ತದೆ. ನಗುತ್ತ ಬೆರಳು ಚೀಪಿಕೊಳ್ಳುತ್ತಾಳೆ. ಆಮೇಲೆ ಅವಳು ಓಡಿಹೋಗಲು ಯತ್ನಿಸಿದಾಗ ಅದೇ ಬಾಗಿಲು ತೆರೆಯುವುದಿಲ್ಲ. ಆಟ ಕ್ರಮೇಣ ಅವಳ ನಿಜವಾದ ಬಸಿರಿನತ್ತ ಹೊರಳುತ್ತದೆ. ಅದಕ್ಕೆ ಕಾರಣನಾದ ಪ್ರೊಫೆಸರ್ ದಾಮ್ಲೆ ಆ ದಿನ ಬರಬೇಕಾಗಿದ್ದವನು, ಬಂದಿಲ್ಲ. ನಾಟಕ ಮುಗಿಯುವವರೆಗೂ ಅವನು ರಂಗಕ್ಕೆ ಬರುವುದೇ ಇಲ್ಲ. 'ನಾಗಮಂಡಲ'ದಲ್ಲಿ ಇನ್ನೊಬ್ಬ ಹೆಂಗಸಿಗೆ ರಂಗವಿಲ್ಲ, ಇಲ್ಲಿ ತಪ್ಪಿತಸ್ಥ ಗಂಡಸಿಗೆ ರಂಗದ ಅಗತ್ಯವೇ ಇಲ್ಲ. ಎರಡು ಗೈರುಹಾಜರಿಗಳ ತೂಕ ಒಂದೇ ಅಲ್ಲ.

ಬೇಣಾರೆಗೆ ತನ್ನ ಪರ ಮಾತಾಡಲು ಹತ್ತು ಸೆಕೆಂಡು ಕೊಡುತ್ತಾರೆ. ಆಗ ಎಲ್ಲರೂ ಶಿಲೆಗಳಂತೆ ನಿಲ್ಲುತ್ತಾರೆ, ಅವಳು ತನ್ನ ಬದುಕನ್ನೆಲ್ಲ ಸುರಿಯುತ್ತಾಳೆ. ನಟಿಯರೆಲ್ಲ ಆಸೆಪಡುವ ಈ ಸ್ವಗತವನ್ನು ಪ್ರೇಕ್ಷಕರು ಕೇಳುತ್ತಾರೆ, ನ್ಯಾಯಾಲಯ ಮಾತ್ರ ಕೇಳುವುದಿಲ್ಲ. ಕಲಾಪದ ದೃಷ್ಟಿಯಿಂದ ಅವಳು ಏನನ್ನೂ ಹೇಳಿಯೇ ಇಲ್ಲ. ಗೆಳತಿಗೆ ನಮ್ಮ ನಿರ್ದೇಶಕರು ಕೊಟ್ಟ ಸೂಚನೆ ಆಗ ನೆನಪಾಯಿತು: ಮನಸಿನಾಗ ಅಂದಂಗ ಮಾಡು. ನಮ್ಮ ನಾಟಕಕಾರರು ಹೆಂಗಸಿಗೆ ಅತ್ಯುತ್ತಮ ಮಾತುಗಳನ್ನು ಬರೆದುಕೊಟ್ಟರು, ಆದರೆ ಆ ಮಾತು ಎದುರಿಗಿದ್ದವನ ಕಿವಿಗೆ ಬೀಳದಂತೆಯೂ ನೋಡಿಕೊಂಡರು. ಅದು ಅವರ ಕುರುಡೋ, ಅವರು ಕಂಡ ಸಮಾಜದ ನಿಷ್ಠುರ ಚಿತ್ರವೋ ಎಂಬ ವಾದದಲ್ಲಿ ನಾನು ತೆಂಡೂಲ್ಕರರ ಪರ. ನಾಟಕ ಅವಳನ್ನು ಬಿಡುಗಡೆ ಮಾಡಿ ಕಳಿಸಿದ್ದರೆ ನಾವು ಸಮಾಧಾನದಿಂದ ಮನೆಗೆ ಹೋಗಿ ಊಟ ಮಾಡುತ್ತಿದ್ದೆವು.

ತೆಂಡೂಲ್ಕರರದೇ 1972ರ 'ಸಖಾರಾಮ್ ಬೈಂಡರ್' ಕಥೆ ಬೇರೆ. ಗಂಡ ಬಿಟ್ಟ ಹೆಂಗಸರನ್ನು ಕರೆತಂದು ಇಟ್ಟುಕೊಳ್ಳುವ ಪುಸ್ತಕದ ಬೈಂಡರ್ ಸಖಾರಾಮ, ಲಕ್ಷ್ಮಿಯನ್ನು ಹೊಡೆಯುತ್ತಾನೆ, ಕೊನೆಗೆ ಚಂಪಾಳ ಕತ್ತು ಹಿಸುಕುತ್ತಾನೆ. ಚಂಪಾಳಿಗೆ ಇನ್ನೊಬ್ಬನ ಸಂಬಂಧವಿರುವ ಸುದ್ದಿ ಮುಟ್ಟಿಸಿ ಕೊಲೆಗೆ ಹಾದಿ ಮಾಡುವವಳೂ, ಹೂತುಬಿಡೋಣ ಎನ್ನುವವಳೂ ಲಕ್ಷ್ಮಿಯೇ. ನಾಟಕಗಳ ಸೆನ್ಸಾರ್ ಮಂಡಳಿ ಅದನ್ನು ತಡೆಯಿತು, ನಿರ್ದೇಶಕ ಕಮಲಾಕರ ಸಾರಂಗ್ ಹೈಕೋರ್ಟಿನವರೆಗೆ ಹೋಗಿ ಗೆದ್ದರು. ನಾನು ಓದಿದ ಮಟ್ಟಿಗೆ, ಆ ಗಲಾಟೆಯಲ್ಲಿ ಅಶ್ಲೀಲವೆಂಬ ಪದ ಕೇಳಿಸಿದಷ್ಟು ಹೊಡೆತವೆಂಬ ಪದ ಕೇಳಿಸಲಿಲ್ಲ. ಇದಾಗಿ ಮೂರು ದಶಕ ಕಳೆಯುವ ಮುನ್ನ, 2000ದಲ್ಲಿ, ಇಂಫಾಲದ ನಿರ್ದೇಶಕ ಕನ್ಹಯಲಾಲರು, ಸೈನಿಕರ ಅತ್ಯಾಚಾರಕ್ಕೊಳಗಾದ ಬುಡಕಟ್ಟಿನ ಹೆಂಗಸನ್ನು ಕುರಿತ ಮಹಾಶ್ವೇತಾದೇವಿಯವರ 'ದ್ರೌಪದಿ' ಕಥೆಯನ್ನು ರಂಗಕ್ಕೆ ತಂದಾಗ, ನಟಿ ಸಾವಿತ್ರಿ ಹೈಸ್ನಾಮ್ ಕೊನೆಯ ದೃಶ್ಯದಲ್ಲಿ ಉಟ್ಟದ್ದನ್ನೆಲ್ಲ ಕಳಚಿ ಸೇನಾಧಿಕಾರಿಯ ಎದುರು ನಿಂತರು. ಅಲ್ಲಿಯೂ ಗಲಾಟೆಯಾಯಿತು. 2004ರ ಜುಲೈ 15ರಂದು, ಅಸ್ಸಾಂ ರೈಫಲ್ಸ್‌ನವರು ಕರೆದೊಯ್ದಿದ್ದ ಮನೋರಮಾ ಎಂಬ ಹೆಂಗಸಿನ ಕೊಲೆಯನ್ನು ಪ್ರತಿಭಟಿಸಿ ಹನ್ನೆರಡು ಮಂದಿ ಮಣಿಪುರಿ ತಾಯಂದಿರು ಕಾಂಗ್ಲಾ ಕೋಟೆಯ ಬಾಗಿಲಲ್ಲಿ ಬೆತ್ತಲೆ ನಿಂತಾಗ, ಅದನ್ನು ನಾಟಕವೆಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ರಾತ್ರಿ ಉಳಿದದ್ದು ಸಾಂತಾಕ್ರೂಜ್‌ನಲ್ಲಿ, ಸೋದರಮಾವನ ಮಗನ ಫ್ಲ್ಯಾಟಿನಲ್ಲಿ. 1982ರಲ್ಲಿ ಇದೇ ಸಾಂತಾಕ್ರೂಜ್‌ನಲ್ಲಿ ನಡೆದ ಘಟನೆಯನ್ನು ಆಧರಿಸಿ ಮಂಜುಳಾ ಪದ್ಮನಾಭನ್ 'ಲೈಟ್ಸ್ ಔಟ್' ಎಂಬ ಇಂಗ್ಲಿಷ್ ನಾಟಕ ಬರೆದರು. ಎದುರಿನ ಕಟ್ಟಡದಿಂದ ರಾತ್ರಿ ರಾತ್ರಿ ಹೆಂಗಸಿನ ಚೀರಾಟ ಕೇಳಿಸುತ್ತದೆ. ಈಚೆಯ ಮನೆಯ ಸುಶಿಕ್ಷಿತರು ಅದು ಏನಿರಬಹುದೆಂದು ಊಟದ ಮೇಜಿನ ಸುತ್ತ ಚರ್ಚಿಸುತ್ತಾರೆ. ಪೊಲೀಸರಿಗೆ ಹೇಳೋಣವೆಂದು ಹೆಂಡತಿ ಅಂಗಲಾಚುತ್ತಾಳೆ, ಗಂಡ ನಮಗೇಕೆ ಎನ್ನುತ್ತಾನೆ. ಕೆಲಸದ ಫ್ರೀಡಾ ಒಂದೂ ಮಾತಾಡದೆ ಬಡಿಸುತ್ತ ಓಡಾಡುತ್ತಾಳೆ. ಚರ್ಚೆ ಮುಗಿಯುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ.

ಊಟದ ಹೊತ್ತಿನಲ್ಲಿ ನಾನು ಈ ಕಥೆಯನ್ನು ಹೇಳಿ ಮುಗಿಸಿದ್ದೆ. ಹತ್ತು ಗಂಟೆಗೆ ಗಣಪತಿ ಮಂಟಪದ ಧ್ವನಿವರ್ಧಕ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಎದುರಿನ ಕಟ್ಟಡದಿಂದ ಹೆಂಗಸೊಬ್ಬಳು ಕೂಗಿದ್ದು ಕೇಳಿಸಿತು. ಇನ್ನೊಮ್ಮೆ ಕೇಳಿಸಿತು. "ಟೀವಿ ಇರಬೇಕು ಅಕ್ಕಾ" ಎಂದ ಅವನು. ಗಂಡ ಹೆಂಡಿರ ಜಗಳವಿದ್ದರೆ ಹೋಗುವುದು ಸರಿಯೇ ಎಂದಳು ಅವನ ಹೆಂಡತಿ. ಯಾವ ಮಹಡಿಯೆಂದು ಗೊತ್ತಾಗದೆ ವಾಚ್‌ಮನ್‌ಗೆ ಏನೆಂದು ಹೇಳುವುದು ಎಂದೆ ನಾನು. ಬೇರೆ ಎರಡು ಕಿಟಕಿಗಳಲ್ಲಿಯೂ ಜನ ನಿಂತಿದ್ದರು. ಕೊನೆಗೆ ಅವನೇ ಇಂಟರ್‌ಕಾಮ್ ಎತ್ತಿ ನಮ್ಮ ವಾಚ್‌ಮನ್‌ಗೆ ಹೇಳಿದ. ಆತ ಎದುರಿನ ಗೇಟಿಗೆ ಹೋಗಿ ವಿಚಾರಿಸಿ ಬಂದು, ಮೂರನೆಯ ಮಹಡಿಯಲ್ಲಿ ಅಜ್ಜಿಯೊಬ್ಬರು ಕಿವಿ ಕೇಳಿಸದೆ ಧಾರಾವಾಹಿಯನ್ನು ಜೋರಾಗಿ ಹಾಕಿದ್ದಾರೆ ಎಂದ. ಎಲ್ಲರೂ ನಕ್ಕೆವು.

ನಾನು ಗಡಿಯಾರ ನೋಡಿದೆ. ಮೊದಲ ಕೂಗಿನಿಂದ ಇಂಟರ್‌ಕಾಮ್ ಎತ್ತುವವರೆಗೆ ಹನ್ನೊಂದು ನಿಮಿಷಗಳಾಗಿದ್ದವು.